ಪ್ರಿಂಟರ್ ರಗಳೆಯ ಪೂರ್ವಕಥೆ

ಮನೆಯ ಪ್ರಿಂಟರ್ ಕೈಕೊಡುವ ರೀತಿಗಳು ಬಹಳವೇನಿಲ್ಲ. ಅಚ್ಚಾದ ಪುಟದಲ್ಲಿ ಬಿಳಿ ಗೆರೆ ಬೀಳುತ್ತದೆ. ಎದುರಿಗೇ ದೀಪ ಉರಿಸಿಕೊಂಡು ಕೂತಿರುವ ಯಂತ್ರವನ್ನು ಕಂಪ್ಯೂಟರ್ ‘ಆಫ್‌ಲೈನ್’ ಅನ್ನುತ್ತದೆ. ಕಳಿಸಿದ ಒಂದು ಪುಟ ಸಿಕ್ಕಿಕೊಂಡು ಹಿಂದಿನವಕ್ಕೆಲ್ಲ ಅಡ್ಡ ನಿಲ್ಲುತ್ತದೆ. ಹೊಸ ಕಾರ್ಟ್ರಿಜ್ ಹಾಕಿದರೆ ಇದು ಯಾರದೋ ಏನೋ ಎಂದು ಕೆಂಪು ದೀಪ ಮಿನುಗುತ್ತದೆ. ಇನ್ನು ಕಾಗದದ ರಗಳೆ ಇದ್ದೇ ಇದೆ. ಇವನ್ನೆಲ್ಲ ಅಗ್ಗದ ಯಂತ್ರದ ಹಣೆಬರಹ ಎಂದು ತಳ್ಳಿಹಾಕುವುದು ರೂಢಿ. ಆದರೆ ಪ್ರಿಂಟರಿನ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಬೇರೆಯದೇ ಕಾಣುತ್ತದೆ. ಇವುಗಳಲ್ಲಿ ಹೆಚ್ಚಿನವು ಹಿಂದೊಮ್ಮೆ ಮತ್ತೊಂದು ತೊಂದರೆಯನ್ನು ಕಳೆಯಲು ಹೂಡಿದ ಉಪಾಯಗಳು. ಆ ತೊಂದರೆ ಮರೆತುಹೋಗಿದೆ, ಉಪಾಯ ಮಾತ್ರ ಉಳಿದುಕೊಂಡಿದೆ.

ಪುಟಗಳು ಸಾಲುಗಟ್ಟಿ ನಿಲ್ಲುವುದನ್ನೇ ನೋಡಿ. 1959ರಲ್ಲಿ ಐಬಿಎಂ ತಂದ 1403 ಪ್ರಿಂಟರ್ ನಿಮಿಷಕ್ಕೆ 600 ಸಾಲು ಅಚ್ಚುಹಾಕುತ್ತಿತ್ತು. ಆ ಕಾಲಕ್ಕೆ ಅದು ಬೆರಗಿನ ವೇಗ, ಆದರೂ ಕಂಪ್ಯೂಟರಿನ ಮುಂದೆ ಆಮೆನಡಿಗೆ. ಲಕ್ಷಾಂತರ ಡಾಲರಿನ ಯಂತ್ರ ಪ್ರಿಂಟರಿಗಾಗಿ ಕಾಯುತ್ತ ಕೂರಬಾರದೆಂದು, ಅಚ್ಚಾಗಬೇಕಾದ್ದನ್ನು ಮೊದಲು ಟೇಪಿನಲ್ಲೋ ಡಿಸ್ಕಿನಲ್ಲೋ ಇಟ್ಟು ನಿಧಾನವಾಗಿ ಪ್ರಿಂಟರಿಗೆ ಉಣಿಸುವ ಪದ್ಧತಿ ಬಂತು. ವಿಂಡೋಸ್‌ನ ‘ಸ್ಪೂಲರ್’ ಅದರ ನೇರ ವಾರಸುದಾರ. ಅಲ್ಲಿ ಒಂದು ಕಡತ ಕೆಟ್ಟರೆ ಹಿಂದಿನವೆಲ್ಲ ನಿಲ್ಲುತ್ತವೆ. ಸ್ಪೂಲರ್ ನಿಲ್ಲಿಸಿ, ಅದರ ಫೋಲ್ಡರ್ ಖಾಲಿ ಮಾಡಿ, ಮತ್ತೆ ಚಾಲೂ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ‘ಆಫ್‌ಲೈನ್’ ಕಥೆಯೂ ಇಂಥದೇ. 1970ರಲ್ಲಿ ಸೆಂಟ್ರಾನಿಕ್ಸ್ ಕಂಪನಿ ತನ್ನ ಪ್ರಿಂಟರಿಗೆ ಜೋಡಿಸಿದ ದಪ್ಪ ಕೇಬಲ್ಲಿನಲ್ಲಿ ಅಕ್ಷರ ಹೊರುವ ತಂತಿಗಳ ಜೊತೆ ಸುದ್ದಿ ಹೇಳುವ ತಂತಿಗಳೂ ಇದ್ದವು: ಕೆಲಸದಲ್ಲಿದ್ದೇನೆ ಎನ್ನಲು ಒಂದು, ಕಾಗದ ಮುಗಿದಿದೆ ಎನ್ನಲು ಒಂದು, ಸಿದ್ಧನಿದ್ದೇನೆ ಎನ್ನಲು ಇನ್ನೊಂದು. ಐಬಿಎಂ ಪಿಸಿ ಆ ಏರ್ಪಾಟನ್ನೇ ಎತ್ತಿಕೊಂಡಿತು. ಅಂದು ಆಫ್‌ಲೈನ್ ಅಂದರೆ ಒಂದು ತಂತಿಯಲ್ಲಿ ವಿದ್ಯುತ್ತಿಲ್ಲ ಎಂದಷ್ಟೇ, ಅನುಮಾನಕ್ಕೆ ಎಡೆಯಿರಲಿಲ್ಲ. ಇಂದು ಆ ತಂತಿ ಇಲ್ಲ, ಪ್ರಶ್ನೆ ಮಾತ್ರ ಇದೆ. ಕರೆಂಟು ಹೋಗಿ ಬಂದಾಗ ರೂಟರ್ ಪ್ರಿಂಟರಿಗೆ ಹೊಸ ವಿಳಾಸ ಕೊಟ್ಟಿರುತ್ತದೆ, ಕಂಪ್ಯೂಟರ್ ಹಳೆಯ ವಿಳಾಸದ ಬಾಗಿಲು ತಟ್ಟಿ ಉತ್ತರ ಬಾರದೆ ಆಫ್‌ಲೈನ್ ಎಂದು ತೀರ್ಮಾನಿಸುತ್ತದೆ. ರೂಟರಿನಲ್ಲಿ ಪ್ರಿಂಟರಿಗೆ ಒಂದೇ ಕಾಯಂ ವಿಳಾಸ ಗೊತ್ತುಮಾಡಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಶಾಯಿಯ ಕಥೆ ಇನ್ನೂ ಸ್ವಾರಸ್ಯದ್ದು. 1976ರಲ್ಲಿ ಐಬಿಎಂನ 6640, ಮರುವರ್ಷ ಸೀಮೆನ್ಸ್‌ನ ಪಿಟಿ-80 ಬಂದವು. ಇವು ಶಾಯಿ ಚಿಮ್ಮಿಸಿ ಅಚ್ಚುಹಾಕುವ ‘ಇಂಕ್‌ಜೆಟ್’ ಪ್ರಿಂಟರುಗಳು, ಆದರೆ ಕಚೇರಿಯ ಯಂತ್ರಗಳು. ಅದೇ 1977ರಲ್ಲಿ ಜಪಾನಿನ ಕ್ಯಾನನ್‌ನಲ್ಲಿ ಇಚಿರೊ ಎಂಡೊ, ಕಾದ ಸೋಲ್ಡರಿಂಗ್ ಐರನ್ ಸಿರಿಂಜಿನ ಸೂಜಿಗೆ ತಾಗಿದಾಗ ಒಳಗಿದ್ದ ಶಾಯಿ ಚಿಮ್ಮಿದ್ದನ್ನು ಕಂಡರು. ಅತ್ತ ಅಮೆರಿಕದ ಎಚ್‌ಪಿಯಲ್ಲಿ ಜಾನ್ ವಾಟ್ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ದಾರಿ ಹಿಡಿದರು: ಶಾಯಿಯನ್ನು ಕ್ಷಣದೊಳಗೆ ಕಾಯಿಸಿ ಗುಳ್ಳೆ ಎಬ್ಬಿಸುವುದು, ಆ ಗುಳ್ಳೆ ಒಂದು ಹನಿಯನ್ನು ಹೊರದಬ್ಬುವುದು. ತತ್ವ ಸರಿ, ತೊಡಕು ಇದ್ದದ್ದು ಬಾಳಿಕೆಯಲ್ಲಿ. ಶಾಯಿಯ ಬಹುಪಾಲು ನೀರು. ಕೂದಲೆಳೆಗಿಂತ ಕಿರಿದಾದ ತೂತಿನಲ್ಲಿ ಅದು ಒಣಗಿ ಗಟ್ಟಿಯಾಗುತ್ತದೆ, ಕಾಯಿಸುವ ಭಾಗವೂ ಬೇಗ ಸವೆಯುತ್ತದೆ. 1984ರ ಥಿಂಕ್‌ಜೆಟ್‌ನಲ್ಲಿ ಎಚ್‌ಪಿ ಕೊಟ್ಟ ಉತ್ತರ ಚತುರವಾದದ್ದು: ತೂತುಗಳಿರುವ ತಲೆಯನ್ನೇ ಶಾಯಿಯ ಡಬ್ಬಿಗೆ ಅಂಟಿಸಿಬಿಡುವುದು, ಶಾಯಿ ಮುಗಿದಾಗ ಎರಡನ್ನೂ ಎಸೆಯುವುದು. ಹನ್ನೆರಡು ತೂತಿನ ಆ ಪುಟ್ಟ ತಲೆ ಕಟ್ಟಿಕೊಂಡರೆ ರಿಪೇರಿಯವನನ್ನು ಕರೆಯಬೇಕಿರಲಿಲ್ಲ. ಇಂಕ್‌ಜೆಟ್ ಮನೆಗೆ ಬರಲು ಸಾಧ್ಯವಾದದ್ದು ಇದರಿಂದ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಯಂತ್ರದ ಅತಿ ನಾಜೂಕಿನ ಭಾಗ ಮಾರಾಟದ ಸರಕಾಗಿ ಮತ್ತೆಮತ್ತೆ ಕೊಳ್ಳುವಂತಾದದ್ದೂ ಇಲ್ಲಿಂದಲೇ.

ಇದೆಲ್ಲ ಕಂಪನಿಗಳ ದುರಾಸೆಗೆ ಬಳಿಯುವ ಬಣ್ಣ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ಅರ್ಧ ನ್ಯಾಯವಾದ ಮಾತೇ. ತಲೆ ಪ್ರಿಂಟರಿನಲ್ಲೇ ಉಳಿದು ಬರಿಯ ಶಾಯಿ ಮಾತ್ರ ತುಂಬಿದ್ದ ಎಪ್ಸನ್ ಕಾರ್ಟ್ರಿಜ್‌ಗಳೂ ಅಗ್ಗವಾಗಿರಲಿಲ್ಲ. ಅಂದರೆ ಬೆಲೆಯ ಅಭ್ಯಾಸ ಕಾರಣವನ್ನು ಬಿಟ್ಟು ತಾನೇ ನಡೆಯತೊಡಗಿತ್ತು. ಲೇಸರ್ ಪ್ರಿಂಟರಿನ ಟೋನರ್ ಕಾರ್ಟ್ರಿಜ್‌ಗೆ ಚಿಪ್ ಕೂರಿಸಿದ್ದ ಲೆಕ್ಸ್‌ಮಾರ್ಕ್, ಅದಕ್ಕೆ ಬದಲಿ ಚಿಪ್ ಮಾರಿದ ಸ್ಟಾಟಿಕ್ ಕಂಟ್ರೋಲ್ ಮೇಲೆ 2002ರ ಕೊನೆಯಲ್ಲಿ ಕೃತಿಸ್ವಾಮ್ಯದ ಹೆಸರಿನಲ್ಲಿ ಮೊಕದ್ದಮೆ ಹೂಡಿತು. 2004ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಒಮ್ಮೆ ಮಾರಿದ ಕಾರ್ಟ್ರಿಜ್ ಮೇಲೆ ಪೇಟೆಂಟಿನ ಹಿಡಿತ ಉಳಿಯದು ಎಂದು 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಹೇಳಿತು. ಹಾಗಿದ್ದೂ ಚಿಪ್ ಹೋಗಲಿಲ್ಲ. ‘ಗುರುತು ಸಿಗದ ಕಾರ್ಟ್ರಿಜ್’ ಎಂಬ ತೊಂದರೆಯಲ್ಲಿ ಭೌತವಿಜ್ಞಾನದ ಪಾಲು ಏನೂ ಇಲ್ಲ, ಅದು ಪೂರ್ತಿ ವ್ಯಾಪಾರದ್ದು. ಆದರೆ ದುರಾಸೆಯೊಂದೇ ಕಾರಣವಾಗಿದ್ದರೆ, ಅದನ್ನು ಬಿಟ್ಟುಕೊಟ್ಟ ಕಡೆ ರಗಳೆಯೂ ನಿಲ್ಲಬೇಕಿತ್ತು. ಏಷ್ಯಾದ ಪೇಟೆಗಳಲ್ಲಿ ಜನ ಕಾಯಲಿಲ್ಲ. ಸಿರಿಂಜ್ ಹಿಡಿದು ಶಾಯಿ ತುಂಬಿಕೊಟ್ಟರು, ಹೊರಗೆ ಬಾಟಲಿ ಇಟ್ಟು ಪ್ಲಾಸ್ಟಿಕ್ ನಳಿಕೆ ಎಳೆದರು. ಕೊನೆಗೆ ಎಪ್ಸನ್ ತಾನೇ 2010ರಲ್ಲಿ ಇಂಡೋನೇಷ್ಯಾದಲ್ಲಿ ಶಾಯಿ ಟ್ಯಾಂಕಿನ ಪ್ರಿಂಟರ್ ಬಿಟ್ಟಿತು, ಅದು ಬೇಗನೆ ಭಾರತಕ್ಕೂ ಬಂತು. ಶಾಯಿಯ ಬೆಲೆ ಇಳಿಯಿತು, ಬಿಳಿ ಗೆರೆ ಮರಳಿ ಬಂತು! ತಲೆ ಕಾಯಂ ಆದ್ದರಿಂದ ರಜೆಯಲ್ಲಿ ಒಂದೆರಡು ತಿಂಗಳು ಸುಮ್ಮನಿಟ್ಟರೆ ತೂತು ಕಟ್ಟುತ್ತದೆ, ಎಪ್ಪತ್ತರ ದಶಕದ ಹಳೆಯ ಸಮಸ್ಯೆ. ತೊಳೆಯಲು ಆದೇಶ ಕೊಟ್ಟರೆ ಯಂತ್ರ ಶಾಯಿಯನ್ನೇ ಹರಿಸಿ ತೊಳೆದು ಒಳಗಿನ ಸ್ಪಂಜಿಗೆ ಬಿಡುತ್ತದೆ. ಸ್ಪಂಜು ತುಂಬಿತೆಂದು ಲೆಕ್ಕ ತೋರಿದ ದಿನ ಅಚ್ಚುಹಾಕುವುದನ್ನೇ ನಿಲ್ಲಿಸುತ್ತದೆ. ಹಾಗಾಗಿ ತೊಳೆತವನ್ನು ಮೇಲಿಂದ ಮೇಲೆ ಒತ್ತುವುದಕ್ಕಿಂತ ವಾರಕ್ಕೊಂದು ಬಣ್ಣದ ಪುಟ ತೆಗೆಯುವುದು ಲೇಸು.

ಹಾಗಾದರೆ ಹಳೆಯ ಡಾಟ್ ಮ್ಯಾಟ್ರಿಕ್ಸೇ ವಾಸಿಯಿತ್ತಲ್ಲ ಎನ್ನುವವರಿದ್ದಾರೆ. ಬಿಲ್ ಕೌಂಟರಿನಲ್ಲಿ ಅದು ಇವತ್ತಿಗೂ ಕಿರ್ರೆನ್ನುತ್ತಿದೆ, ನಿಜ. ಆದರೆ ಅದರೊಳಗೆ ಅಚ್ಚುಮೊಳೆಯಂತೆ ಕೂತಿದ್ದದ್ದು ಸಾಮಾನ್ಯವಾಗಿ ರೋಮನ್ ಅಕ್ಷರ. ಕನ್ನಡವನ್ನು ಚಿತ್ರದಂತೆ ಚುಕ್ಕೆಚುಕ್ಕೆಯಾಗಿ ಕಳಿಸಬೇಕಿತ್ತು, ಒತ್ತು ದೀರ್ಘಗಳಿಗೆಲ್ಲ ಸೂಜಿಯ ತಲೆ ಮತ್ತೆಮತ್ತೆ ಓಡಬೇಕಿತ್ತು. ಕನ್ನಡ ಓದುಗನಿಗೆ ಇಂಕ್‌ಜೆಟ್ಟು, ಲೇಸರು ಕೊಟ್ಟದ್ದು ಸಣ್ಣ ಲಾಭವಲ್ಲ. ಕಾಗದ ಸಿಕ್ಕಿಕೊಳ್ಳುವುದು ಮಾತ್ರ ನನ್ನ ವಾದಕ್ಕೆ ಒಗ್ಗುವುದಿಲ್ಲ, ಅದು ಯಾವ ಉಪಾಯದ ಮಗುವೂ ಅಲ್ಲ. 1959ರ ಜೆರಾಕ್ಸ್ 914 ಯಂತ್ರದಲ್ಲಿ ಸಿಕ್ಕ ಕಾಗದಕ್ಕೆ ಕಾವು ತಾಗಿ ಬೆಂಕಿ ಹತ್ತುವ ಭಯವಿದ್ದುದರಿಂದ ಜೊತೆಗೆ ಬೆಂಕಿ ಆರಿಸುವ ಪುಟ್ಟ ಸಾಧನವನ್ನೂ ಕೊಡುತ್ತಿದ್ದರು. ಕಾಗದ ತೇವ ಹೀರುತ್ತದೆ, ಸುರುಟುತ್ತದೆ. ಕರಾವಳಿಯ ಆಷಾಢದಲ್ಲಿ ಒಡೆದ ರೀಮನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡದೆ ಬೇರೆ ದಾರಿಯಿಲ್ಲ.

ಚರಿತ್ರೆ ತಿಳಿದರೆ ಪ್ರಿಂಟರ್ ರಿಪೇರಿಯಾಗುತ್ತದೆಯೇ ಎಂದು ಕೇಳಬಹುದು. ಆಗುವುದಿಲ್ಲ, ಆದರೆ ಎಲ್ಲಿ ಹುಡುಕಬೇಕೆಂಬುದು ತಿಳಿಯುತ್ತದೆ. ಈ ರಗಳೆಗಳು ಬೇರೆಬೇರೆ ಕಾಲದಲ್ಲಿ ಹುಟ್ಟಿ ಬೇರೆಬೇರೆ ಕಡೆ ಕೂತಿವೆ. ಸ್ಕ್ಯಾನರ್ ಇರುವ ಪ್ರಿಂಟರಾದರೆ ಕಂಪ್ಯೂಟರಿನ ಗೊಡವೆಗೇ ಹೋಗದೆ ಗಾಜಿನ ಮೇಲೆ ಒಂದು ಹಾಳೆ ಇಟ್ಟು ಜೆರಾಕ್ಸ್ ಗುಂಡಿ ಒತ್ತಬೇಕು. ಪ್ರತಿ ಚೊಕ್ಕವಾಗಿ ಬಂದರೆ ತಲೆ, ಶಾಯಿ, ಕಾಗದ ಮೂರೂ ನೆಟ್ಟಗಿವೆ. ಹುಡುಕಬೇಕಾದದ್ದು ಸ್ಪೂಲರ್, ಡ್ರೈವರ್, ವೈಫೈಗಳಲ್ಲಿ. ಆ ಪ್ರತಿಯಲ್ಲೂ ಗೆರೆ ಬಿದ್ದರೆ ಡ್ರೈವರನ್ನು ಎಷ್ಟು ಸಲ ಹೊಸದಾಗಿ ಹಾಕಿದರೂ ಉಪಯೋಗವಿಲ್ಲ.