ಆಸ್ಪತ್ರೆಗೆ ಎಷ್ಟು ಬಸ್ಸು?

ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರು ಕೂಗುವ ಸ್ಟಾಪುಗಳ ಹೆಸರುಗಳನ್ನು ಒಮ್ಮೆ ಕಿವಿಗೊಟ್ಟು ಕೇಳಿ. ವಾಣಿವಿಲಾಸ, ಬೌರಿಂಗ್, ಕಿದ್ವಾಯಿ, ನಿಮ್ಹಾನ್ಸ್, ಜಯದೇವ. ಎಷ್ಟೋ ರಸ್ತೆಗಳಿಗೆ ಆಸ್ಪತ್ರೆಯೇ ಗುರುತು. ಅಲ್ಲಿ ಇಳಿಯುವವರ ಒಂದು ಕೈಯಲ್ಲಿ ಎಕ್ಸ್‌ರೇ ಲಕೋಟೆ, ಇನ್ನೊಂದರಲ್ಲಿ ಗಂಜಿಯ ಕ್ಯಾರಿಯರ್. ಜೊತೆಗೆ ಹೆಗಲಿಗೆ ಒರಗಿದ ರೋಗಿ. ಇವರು ಹತ್ತುವ ಬಸ್ಸಿನ ದಾರಿ ಬದಲಾದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನೂರಿಪ್ಪತ್ತು ವರ್ಷಕ್ಕೂ ಹಿಂದೆ ಹೋಗಬೇಕಾಗುತ್ತದೆ.

ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಡಿಗಲ್ಲು ಬಿತ್ತು. 1900ರಲ್ಲಿ ಅದು ಬಾಗಿಲು ತೆರೆಯಿತು. ಕೋಟೆಯ ಮಗ್ಗುಲಲ್ಲಿ, ಪೇಟೆಯ ಅಂಚಿನಲ್ಲಿ ಅದರ ಜಾಗ. 1935ರಲ್ಲಿ ಪಕ್ಕದಲ್ಲೇ ಹೆಂಗಸರು ಮತ್ತು ಮಕ್ಕಳಿಗಾಗಿ ವಾಣಿವಿಲಾಸ ಆಸ್ಪತ್ರೆ ಬಂತು. ಆಗ ಊರಿಗೆ ಸಿಟಿ ಬಸ್ಸು ಎಂಬುದೇ ಇರಲಿಲ್ಲ. ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಇಪ್ಪತ್ತು ಬಸ್ಸುಗಳೊಂದಿಗೆ ಹೊರಟದ್ದು 1940ರಲ್ಲಿ. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿರುವ ‘ಬಿ.ಟಿ.ಎಸ್.’ ಹುಟ್ಟಿದ್ದು ಹಾಗೆ. ಬಿಎಂಟಿಸಿ ಆದದ್ದು 1997ರಲ್ಲಿ.

ಬಸ್ಸುಗಳು ವ್ಯಾಪಾರ ಇರುವ ಕಡೆ ಹೋದವು. ಮಾರ್ಕೆಟ್ಟು, ಮೆಜೆಸ್ಟಿಕ್ಕು, ಶಿವಾಜಿನಗರ ಈ ಮೂರರ ಸುತ್ತ ಊರಿನ ಬಹುಪಾಲು ಮಾರ್ಗಗಳು ಗಾಲಿಯ ಕಡ್ಡಿಗಳಂತೆ ಹರಡಿಕೊಂಡವು. ಮಾರ್ಕೆಟ್ಟಿನ ಎದುರಿಗೆ ವಿಕ್ಟೋರಿಯಾ, ಶಿವಾಜಿನಗರದ ಮಗ್ಗುಲಲ್ಲಿ ಬೌರಿಂಗ್. ರೋಗಿಗಳಿಗೆಂದು ಯಾರೂ ಹೀಗೆ ಯೋಜನೆ ಹಾಕಿರಲಿಲ್ಲ. ಆದರೂ ಬಡವರ ದೊಡ್ಡಾಸ್ಪತ್ರೆಗಳು ಬಸ್ಸಿನ ಕೊನೆಯ ಸ್ಟಾಪಿಗೇ ಸಿಕ್ಕಿದ್ದವು. ಯಾವ ಬಡಾವಣೆಯಲ್ಲಿ ಹತ್ತಿದರೂ ‘ಮಾರ್ಕೆಟ್’ ಎಂಬ ಬೋರ್ಡು ನೋಡಿದರೆ ಸಾಕಿತ್ತು. ಕಲಾಸಿಪಾಳ್ಯದಲ್ಲಿ ಖಾಸಗಿ ಬಸ್ಸು ಇಳಿದ ಹಳ್ಳಿಯವರೂ ನಡೆದೇ ವಾರ್ಡು ಸೇರುತ್ತಿದ್ದರು.

ಮುಂದೆ ಆಸ್ಪತ್ರೆಗಳೇ ಹೊರಟವು. ಮಾನಸಿಕ ಆಸ್ಪತ್ರೆ 1930ರ ದಶಕದಲ್ಲೇ ಹೊಸೂರು ರಸ್ತೆಗೆ ಹೋಗಿತ್ತು. 1974ರಲ್ಲಿ ಅದು ನಿಮ್ಹಾನ್ಸ್‌ನೊಳಗೆ ಸೇರಿತು. ಅದೇ ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರದ್ದು. ವಿಕ್ಟೋರಿಯಾ ಆವರಣದಲ್ಲಿ ಆರಂಭವಾದ ಜಯದೇವ ಹೃದ್ರೋಗ ಸಂಸ್ಥೆ ಬನ್ನೇರುಘಟ್ಟ ರಸ್ತೆಗೆ ಸ್ಥಳಾಂತರವಾಯಿತು. ಹಳೆಯ ಆವರಣಗಳಲ್ಲಿ ಜಾಗವಿರಲಿಲ್ಲ, ಹೋದದ್ದು ತಪ್ಪೇನಲ್ಲ. ಆದರೆ ರಾಜಾಜಿನಗರದ ಕಡೆಯ ರೋಗಿಗೆ ಒಂದು ಬಸ್ಸಿನ ಪ್ರಯಾಣ ಎರಡಾಯಿತು.

ಈ ಎರಡನೆಯ ಬಸ್ಸಿನ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ಸಾರಿಗೆ ಲೆಕ್ಕದಲ್ಲಿ ಬಸ್ಸು ಬದಲಿಸುವುದೆಂದರೆ ಹತ್ತು ಹದಿನೈದು ನಿಮಿಷ. ಕ್ಯಾನ್ಸರಿನ ರೇಡಿಯೋಥೆರಪಿ ಅನೇಕರಿಗೆ ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುತ್ತದೆ. ಮೂವತ್ತು ದಿನ ಎಂದಿಟ್ಟುಕೊಂಡರೆ ಹೋಗುವಾಗ ಮೂವತ್ತು, ಬರುವಾಗ ಮೂವತ್ತು, ಒಟ್ಟು ಅರವತ್ತು ಸಲ ಬಸ್ಸು ಬದಲಿಸಬೇಕು. ಅರವತ್ತು ಸಲ ಮೆಟ್ಟಿಲು ಇಳಿದು ಹತ್ತಬೇಕು, ಬಿಸಿಲಲ್ಲಿ ನಿಲ್ಲಬೇಕು, ಬಾಯಿ ಹುಣ್ಣಾಗಿ ನೀರೂ ಇಳಿಯದ ಮನುಷ್ಯನಿಗೆ ಸೀಟು ಬಿಡಿ ಎಂದು ಯಾರನ್ನಾದರೂ ಕೇಳಬೇಕು. ದಣಿದ ರೋಗಿ ನಡುವೆ ಒಂದು ದಿನ ‘ನಾಳೆ ಹೋದರಾಯ್ತು’ ಎನ್ನುತ್ತಾನೆ. ಈ ಚಿಕಿತ್ಸೆಯಲ್ಲಿ ದಿನ ತಪ್ಪಬಾರದು.

ಇನ್ನು ನೋಡಿಕೊಳ್ಳುವವರ ಪಾಡು. ಮನೆಯ ಹೆಣ್ಣುಮಗಳು ಬೆಳಿಗ್ಗೆ ಚೀಟಿ ಮಾಡಿಸಲು ಬರುತ್ತಾಳೆ. ಹತ್ತೂವರೆಗೆ ಮನೆಗೆ ಹೋಗಿ ಅಡುಗೆ ಮಾಡಿ, ಮಧ್ಯಾಹ್ನ ಊಟ ತರುತ್ತಾಳೆ. ಮೂರೂವರೆಗೆ ಶಾಲೆಯಿಂದ ಬರುವ ಮಗುವಿಗಾಗಿ ಮತ್ತೆ ಓಡುತ್ತಾಳೆ. ಇಂಥ ತುಂಡು ತುಂಡು ಪ್ರಯಾಣಗಳನ್ನು ‘ಆರೈಕೆಯ ಸಂಚಾರ’ ಎಂಬ ಹೆಸರಿಟ್ಟು ಪ್ರತ್ಯೇಕವಾಗಿ ಎಣಿಸಬೇಕೆಂದು ವಾದಿಸಿದವರು ಸ್ಪೇನಿನ ನಗರಯೋಜಕಿ ಇನೆಸ್ ಸಾಂಚೆಸ್ ದೆ ಮದಾರಿಯಾಗ. ನಮ್ಮ ಡಿಪೊಗಳ ಲೆಕ್ಕದ ಭಾಷೆ ಬೇರೆ: ಕಿಲೋಮೀಟರಿಗೆ ಎಷ್ಟು ಆದಾಯ. ಕಚೇರಿ ವೇಳೆಯ ಬಸ್ಸು ತುಂಬುತ್ತದೆ, ಹನ್ನೊಂದು ಗಂಟೆಯದು ಖಾಲಿ. ಕತ್ತರಿ ಬಿದ್ದಾಗ ಮೊದಲು ಹೋಗುವುದು ಊಟದ ಕ್ಯಾರಿಯರ್ ಬರುವ ಆ ಟ್ರಿಪ್ಪೇ.

ದಿನಾ ಓಡಾಡುವವರಿಗೆ ಮಾರ್ಗ ಬದಲಾದದ್ದು ಎರಡೇ ದಿನಕ್ಕೆ ತಿಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಮಾತ್ರೆಗೆ ಬರುವ ಮುದುಕಿಗೆ ಹೇಗೆ ತಿಳಿಯಬೇಕು? ‘ಇದು ಅಲ್ಲಿಗೆ ಹೋಗಲ್ಲ ಅಜ್ಜಿ, ಮುಂದಿನ ಸ್ಟಾಪಲ್ಲಿ ಇಳ್ಕೊಳಿ’ ಎಂದು ಕಂಡಕ್ಟರು ಹೇಳಿದಾಗಲೇ.

ಹಾಗೆಂದು ಹಳೆಯ ಮಾರ್ಗಗಳೆಲ್ಲ ಇದ್ದಂತೆಯೇ ಇರಲಿ ಎಂಬ ಹಟವೂ ಸಲ್ಲದು. ಎಲ್ಲವೂ ಮೆಜೆಸ್ಟಿಕ್ಕಿಗೇ ಬಂದು ಸೇರುತ್ತಿದ್ದ ವ್ಯವಸ್ಥೆಯಲ್ಲಿ ಹೆಬ್ಬಾಳದವನು ಸಿಲ್ಕ್ ಬೋರ್ಡಿಗೆ ಹೋಗಲು ಊರೊಳಗೆ ಹೊಕ್ಕು ಹೊರಬರಬೇಕಿತ್ತು. ಹೊರವರ್ತುಲ ರಸ್ತೆಯಲ್ಲಿ 500ರ ಸರಣಿಯ ಬಸ್ಸುಗಳು ಓಡತೊಡಗಿದ ಮೇಲೆ ಆ ಸುತ್ತು ತಪ್ಪಿತು. ಬದಲಾವಣೆಯಿಂದ ಯಾರಿಗೆ ಒಂದು ಬಸ್ಸು ಉಳಿಯಿತು, ಯಾರಿಗೆ ಒಂದು ಹೆಚ್ಚಾಯಿತು ಎಂದು ಬರೆದಿಡುವ ಅಂಕಣವೊಂದು ಮಾರ್ಗಪಟ್ಟಿಯಲ್ಲಿ ಇರಬೇಕಿತ್ತು, ಅಷ್ಟೆ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಜನಸಾಮಾನ್ಯರ ಬಸ್ಸುಗಳೆಲ್ಲ ನಿಂತವು. ಮತ್ತೆ ರಸ್ತೆಗಿಳಿದದ್ದು ಮೇ 19ರಂದು. ಸುಮಾರು ಎಂಟು ವಾರ. ಡಯಾಲಿಸಿಸ್ ರೋಗಿ ವಾರಕ್ಕೆ ಎರಡು ಮೂರು ಸಲ ಯಂತ್ರದ ಮುಂದೆ ಮಲಗಲೇಬೇಕು. ಸ್ವಂತ ವಾಹನವಿಲ್ಲದ ಮನೆಗಳಲ್ಲಿ ಆ ಎಂಟು ವಾರ ಹೇಗೆ ಕಳೆದಿರಬಹುದೆಂದು ಓದುಗರೇ ಊಹಿಸಬಹುದು.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಈ ಕಥೆಯಲ್ಲಿ ದೊಡ್ಡ ತಿರುವು. ಬಸ್ಸು ಬದಲಿಸಿದಾಗ ಕೊಳ್ಳಬೇಕಿದ್ದ ಎರಡನೆಯ ಟಿಕೆಟ್ಟಿನ ಹೊರೆ ಹೆಂಗಸರಿಗೆ ಇಳಿಯಿತು. ಆರೈಕೆಯ ಓಡಾಟ ಬಹುಮಟ್ಟಿಗೆ ಅವರದೇ ಆದ್ದರಿಂದ ಉಳಿತಾಯ ಸಣ್ಣದಲ್ಲ. ಆದರೆ ಎರಡನೆಯ ಬಸ್ಸಿಗೆ ಕಾಯುವುದು ತಪ್ಪಲಿಲ್ಲ. ರೋಗಿ ಗಂಡಸಾದರೆ ಅವನ ಟಿಕೆಟ್ಟೂ ತಪ್ಪಲಿಲ್ಲ.

2025ರ ಆಗಸ್ಟಿನಲ್ಲಿ ಮೆಟ್ರೋದ ಹಳದಿ ಮಾರ್ಗ ಬಂತು. ಅದರಲ್ಲಿ ಒಂದು ನಿಲ್ದಾಣದ ಹೆಸರೇ ಜಯದೇವ ಆಸ್ಪತ್ರೆ. ಬೊಮ್ಮಸಂದ್ರದಲ್ಲಿ ಹತ್ತಿದವರು ನೇರವಾಗಿ ಅಲ್ಲೇ ಇಳಿಯುತ್ತಾರೆ. ಮೈಸೂರು ರಸ್ತೆಯಲ್ಲಿ ಹತ್ತಿದವರು ಮೆಜೆಸ್ಟಿಕ್ಕಿನಲ್ಲಿ ಒಮ್ಮೆ, ಆರ್.ವಿ. ರಸ್ತೆಯಲ್ಲಿ ಇನ್ನೊಮ್ಮೆ ರೈಲು ಬದಲಿಸಬೇಕು, ಎದೆನೋವಿನವರನ್ನು ಕೈಹಿಡಿದುಕೊಂಡು.