ಕಣ್ಣಿಗೆ ಕಾಣುವ ಕೊಳವೆ, ಕೈಬದಲಾಗುವ ಲೈಸೆನ್ಸ್: ನ್ಯೂಯಾರ್ಕ್‌ನ ಅನಿಲ ಸುರಕ್ಷತಾ ನಿಯಮಗಳು

ನ್ಯೂಯಾರ್ಕ್ ನಗರ 2016ರಲ್ಲಿ ಕಟ್ಟಡಗಳೊಳಗಿನ ಅನಿಲ ಕೊಳವೆಗಳ ಬಗ್ಗೆ ಒಂದರ ಹಿಂದೊಂದು ಕಾನೂನು ತಂದಿತು. ಅವುಗಳಲ್ಲಿ 152ನೆಯ ಸ್ಥಳೀಯ ಕಾನೂನು ಕೊಳವೆಗಳ ನಿಯತ ತಪಾಸಣೆಯನ್ನು ಕಡ್ಡಾಯ ಮಾಡಿತು. 150ನೆಯದು ಅನಿಲದ ಕೆಲಸಕ್ಕೆ ಕೈಹಾಕುವವರಿಗೆ ಇರಬೇಕಾದ ಅರ್ಹತೆಯನ್ನು ಗೊತ್ತುಪಡಿಸಿತು. ಚರ್ಚೆಯೆಲ್ಲ ಮೊದಲನೆಯದರ ಸುತ್ತಲೇ ನಡೆದಿದೆ. ಆದರೆ ಈ ಕಾನೂನುಗಳಿಗೆ ಹಿನ್ನೆಲೆಯಾದ ದುರಂತಗಳನ್ನು ಹತ್ತಿರದಿಂದ ನೋಡಿದರೆ ಎರಡನೆಯದೇ ಹೆಚ್ಚು ಮುಖ್ಯವೆಂದು ತೋರುತ್ತದೆ.

2014ರ ಮಾರ್ಚ್ 12ರಂದು ಈಸ್ಟ್ ಹಾರ್ಲೆಮ್‌ನಲ್ಲಿ ಎರಡು ಕಟ್ಟಡಗಳು ಸ್ಫೋಟಗೊಂಡು ಎಂಟು ಜನ ಸತ್ತರು. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಂಡುಕೊಂಡ ಕಾರಣಗಳು ಎರಡು: ಬೀದಿಯಡಿಯ ಪ್ಲಾಸ್ಟಿಕ್ ಕೊಳವೆಯ ಬೆಸುಗೆ ಸರಿಯಿರಲಿಲ್ಲ, ಒಡೆದ ಒಳಚರಂಡಿಯಿಂದಾಗಿ ಕೊಳವೆಗಳ ಕೆಳಗಿನ ಮಣ್ಣು ಕೊಚ್ಚಿಹೋಗಿತ್ತು. ಕಟ್ಟಡದೊಳಗೆ ಎಷ್ಟೇ ತಪಾಸಣೆ ನಡೆದಿದ್ದರೂ ಇದು ಸಿಕ್ಕುತ್ತಿರಲಿಲ್ಲ.

ಮರುವರ್ಷ ಮಾರ್ಚ್ 26ರಂದು ಸೆಕೆಂಡ್ ಅವೆನ್ಯೂನಲ್ಲಿ ನಡೆದದ್ದು ಬೇರೆಯೇ ಬಗೆಯದು. ಇಬ್ಬರು ಸತ್ತರು, ಮೂರು ಕಟ್ಟಡಗಳು ನೆಲಸಮವಾದವು. ಅಲ್ಲಿ 2014ರ ಆಗಸ್ಟ್‌ನಲ್ಲೇ ಕೆಳಗಿನ ಹೋಟೆಲಿನ ಮೀಟರಿಗೆ ರಬ್ಬರ್ ಪೈಪಿನಂಥ ಬಳುಕುವ ನಳಿಕೆ ಜೋಡಿಸಿ ಮೇಲಿನ ಮನೆಗಳಿಗೆ ಅನಿಲ ಕೊಟ್ಟದ್ದು ಅನಿಲ ಕಂಪನಿಯವರ ಕಣ್ಣಿಗೆ ಬಿದ್ದಿತ್ತು. ಅದನ್ನು ನಿಲ್ಲಿಸಿದ ಮೇಲೆ ಪಕ್ಕದ ಕಟ್ಟಡದಿಂದ ಕಳ್ಳ ಸಂಪರ್ಕ ಬಂತು. ಸ್ಫೋಟದ ದಿನವೂ ಕಂಪನಿಯ ತಪಾಸಕರು ಬಂದು ನೋಡಿ ಹೋಗಿದ್ದರು; ಅವರು ಹೋದ ಸ್ವಲ್ಪ ಹೊತ್ತಿಗೇ ಅನಾಹುತವಾಯಿತು. ತಪಾಸಣೆಯ ಮಿತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಕಟ್ಟಡದ ಒಡತಿ, ಗುತ್ತಿಗೆದಾರ ಮತ್ತು ಲೈಸೆನ್ಸ್ ಇಲ್ಲದ ಪ್ಲಂಬರ್, ಈ ಮೂವರಿಗೆ 2019ರಲ್ಲಿ ನರಹತ್ಯೆಯ ಅಪರಾಧ ಸಾಬೀತಾಯಿತು. ತನ್ನ ಲೈಸೆನ್ಸ್ ಬಳಸಿಕೊಳ್ಳಲು ಬಿಟ್ಟಿದ್ದ ಇನ್ನೊಬ್ಬ ಪ್ಲಂಬರನ ಮೇಲೂ ಮೊಕದ್ದಮೆ ಹೂಡಲಾಗಿತ್ತು. ಕಾಗದದಲ್ಲಿ ಒಬ್ಬನ ಹೆಸರು, ಪಾನಾ ಹಿಡಿದ ಕೈ ಇನ್ನೊಬ್ಬನದು.

152ನೆಯ ಕಾನೂನು ಮತ್ತು ಕಟ್ಟಡಗಳ ಇಲಾಖೆಯ ನಿಯಮಗಳ ಪ್ರಕಾರ ನಾಲ್ಕು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ಮೊದಲ ಸುತ್ತು 2020ರಲ್ಲಿ ಆರಂಭವಾಯಿತು. ಒಂದೆರಡು ಕುಟುಂಬಗಳ ಮನೆಗಳಿಗೆ ವಿನಾಯಿತಿ ಇದೆ. ತಪಾಸಕ ಲೈಸೆನ್ಸ್ ಪಡೆದ ಮಾಸ್ಟರ್ ಪ್ಲಂಬರ್ ಆಗಿರಬೇಕು, ಇಲ್ಲವೇ ಅವನ ಉಸ್ತುವಾರಿಯಲ್ಲಿ ದುಡಿಯುವ, ಐದು ವರ್ಷದ ಅನುಭವವೂ ತರಬೇತಿಯೂ ಉಳ್ಳವನಾಗಿರಬೇಕು. ಅವನು ಅನಿಲ ಪತ್ತೆಯ ಉಪಕರಣ ಹಿಡಿದು ಬಾಯ್ಲರ್ ಕೋಣೆ, ಹಜಾರ, ಮೆಟ್ಟಿಲ ಪಡಸಾಲೆಗಳಲ್ಲಿ ತೆರೆದಿರುವ ಕೊಳವೆಗಳನ್ನು ನೋಡುತ್ತಾನೆ: ತುಕ್ಕು, ಸೋರಿಕೆ, ಅಕ್ರಮ ಜೋಡಣೆ. ಗೋಡೆಯೊಳಗೆ ಹುದುಗಿದ ಕೊಳವೆಯೂ ಬಾಡಿಗೆದಾರನ ಮನೆಯೊಳಗಿನದೂ ಇದರ ವ್ಯಾಪ್ತಿಗೆ ಬರುವುದಿಲ್ಲ.

ತುಕ್ಕನ್ನು ಹಿಡಿಯಲು ಇಷ್ಟು ಸಾಕು. ಹಳೆಯ ಕಟ್ಟಡಗಳ ನೆಲಮಾಳಿಗೆಯಲ್ಲಿ ತುಕ್ಕೂ ಸಣ್ಣ ಅಪಾಯವಲ್ಲ, ಆದ್ದರಿಂದ ಈ ಕಾನೂನನ್ನು ನಿರರ್ಥಕ ಎನ್ನಲಾಗದು. ಆದರೆ ಬಚ್ಚಿಡುವವನಿಗೆ ಮೊದಲೇ ಗೊತ್ತಾಗುವ ತಪಾಸಣೆಯಿಂದ ಭಯವಿಲ್ಲ. ಮೇಲಾಗಿ ತಪಾಸಕನನ್ನು ಗೊತ್ತುಮಾಡಿ ಹಣ ಕೊಡುವವನು ಕಟ್ಟಡದ ಮಾಲೀಕನೇ.

ವಂಚನೆಯನ್ನು ತಡೆಯುವ ಶಕ್ತಿ ಇರುವುದು 150ನೆಯ ಕಾನೂನಿನಲ್ಲಿ. ಅನಿಲದ ಕೆಲಸ ಮಾಡುವವನು ಸ್ವತಃ ಮಾಸ್ಟರ್ ಪ್ಲಂಬರ್ ಆಗಿಲ್ಲದಿದ್ದರೆ, ಅಂಥವನ ನೇರ ಹಾಗೂ ನಿರಂತರ ಉಸ್ತುವಾರಿಯಲ್ಲಿರಬೇಕು. ಜೊತೆಗೆ ಅವನ ಹೆಸರಿನಲ್ಲೇ ಅರ್ಹತಾಪತ್ರ ಇರಬೇಕು. ಹೀಗೆ ಜವಾಬ್ದಾರಿ ಸಂಸ್ಥೆಯ ಮೊಹರಿನಿಂದ ಕೆಲಸಗಾರನ ಕೈಗೆ ಇಳಿಯುತ್ತದೆ. ಆದರೂ ‘ನಿರಂತರ’ ಉಸ್ತುವಾರಿ ನಡೆದಿದೆಯೆಂದು ಖಾತ್ರಿಯಾಗಬೇಕಾದರೆ ಅರ್ಜಿಯ ಮೇಲಿನ ಸಹಿ ಸಾಲದು, ಕೆಲಸ ನಡೆಯುವ ಜಾಗಕ್ಕೆ ಇಲಾಖೆಯವರೇ ಹೇಳದೆ ಹೋಗಿ ಅರ್ಹತಾಪತ್ರ ಕೇಳಬೇಕು. ನಿಯಮಗಳನ್ನು ಮುಂದೆ ತಿದ್ದುವಾಗ ತಪಾಸಣೆಯ ಅವಧಿ, ದಂಡದ ಮೊತ್ತಗಳಿಗಿಂತ ಮೊದಲು ಕೈಹಾಕಬೇಕಾದದ್ದು ಇದಕ್ಕೆ.