ಸಸ್ಯಸಾರಗಳ ರೋಗಾಣುನಿರೋಧ ಪರೀಕ್ಷೆ

ಗಿಡದ ಎಲೆ, ಬೇರು, ತೊಗಟೆ, ಬೀಜಗಳಿಂದ ನೀರು ಅಥವಾ ಆಲ್ಕೊಹಾಲ್ ಬಳಸಿ ತೆಗೆದ ಸಾರಕ್ಕೆ ಬ್ಯಾಕ್ಟೀರಿಯ, ಶಿಲೀಂಧ್ರ, ವೈರಸ್‌ಗಳನ್ನು ತಡೆಯುವ ಶಕ್ತಿ ಇದೆಯೇ ಎಂದು ಅಳೆಯುವ ಕ್ರಮ. ಬ್ಯಾಕ್ಟೀರಿಯ ಬಿತ್ತಿದ ಅಗರ್ ತಟ್ಟೆಯಲ್ಲಿ ಸಾರ ಇಟ್ಟ ಜಾಗದ ಸುತ್ತ ಬೆಳೆ ಬಾರದ ಬಯಲು ಮೂಡಿದರೆ ಅದರ ಅಗಲ ಅಳೆಯುತ್ತಾರೆ. ವೈರಸ್ ಪರೀಕ್ಷೆ ಇಷ್ಟು ಸುಲಭವಲ್ಲ. ವೈರಸ್ ಜೀವಕೋಶದೊಳಗೇ ಬೆಳೆಯುವುದರಿಂದ ಸಾರ ವೈರಸ್ಸನ್ನು ತಡೆಯಿತೋ, ಕೋಶವನ್ನೇ ಕೊಂದಿತೋ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು.

ಪೆನಿಸಿಲಿನ್ ಬೆಳಕಿಗೆ ಬಂದ ಹುರುಪಿನಲ್ಲಿ ಈ ಶೋಧ ಬಿರುಸಾಯಿತು. 1943ರಲ್ಲಿ ಆಕ್ಸ್‌ಫರ್ಡಿನ ಆಸ್ಬೋರ್ನ್ ಸುಮಾರು 2300 ಸಸ್ಯಗಳನ್ನು ಪರೀಕ್ಷಿಸಿದ ವರದಿ ಬಂತು. ಮರುವರ್ಷ ಅಮೆರಿಕದಲ್ಲಿ ಬೆಳ್ಳುಳ್ಳಿಯ ಆಲಿಸಿನ್ ಬೇರ್ಪಟ್ಟಿತು. ಕನ್ನಡನಾಡು ಹಿಂದೆ ಬೀಳಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಘುನಂದನ ರಾವ್ ಮತ್ತು ಸಂಗಡಿಗರು ಬೆಳ್ಳುಳ್ಳಿ ಸಾರ ಕ್ಷಯದ ಬ್ಯಾಕ್ಟೀರಿಯವನ್ನು ತಡೆಯುವುದನ್ನು 1946ರ ‘ನೇಚರ್’ನಲ್ಲಿ ಪ್ರಕಟಿಸಿದರು. ನುಗ್ಗೆಯ ರೋಗಾಣುನಿರೋಧಕ ಅಂಶವೆಂದು ಹೆಸರಿಸಿದ ಟೆರಿಗೋಸ್ಪರ್ಮಿನ್ ಸುದ್ದಿಯೂ ಅದೇ ವರ್ಷದ್ದು. ಸಂಶೋಧಕರಾದ ಕುರುಪ್ ಮತ್ತು ನರಸಿಂಹ ರಾವ್ 1950ರ ದಶಕದಲ್ಲಿ ಅದರ ಅಧ್ಯಯನ ಮುಂದುವರಿಸಿದರು. 1981ರಲ್ಲಿ ಜರ್ಮನಿಯ ಸಂಶೋಧಕರು ನುಗ್ಗೆಬೀಜವನ್ನು ಮತ್ತೆ ಪರೀಕ್ಷಿಸಿ, ಅದರ ಶಕ್ತಿ ಟೆರಿಗೋಸ್ಪರ್ಮಿನ್‌ನದಲ್ಲ, ಐಸೋಥಯೋಸಯನೇಟ್ ಎಂಬ ಬಗೆಯ ಬೇರೊಂದು ಸಂಯುಕ್ತದ್ದು ಎಂದರು. ಗಿಡ ಸೋಲಲಿಲ್ಲ, ಹೆಸರು ಮಾತ್ರ ಬದಲಾಯಿತು!

ವೈರಸ್‌ ಕಡೆಯ ಮೊದಲ ದೊಡ್ಡ ಯತ್ನ 1952ರ ಇಂಗ್ಲೆಂಡಿನದು. ಇನ್‌ಫ್ಲುಯೆಂಜ ವಿರುದ್ಧ ಪರೀಕ್ಷೆಗೊಳಗಾದ 288 ಸಸ್ಯಗಳಲ್ಲಿ 12 ಫಲ ತೋರಿದವು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ 1968ರಿಂದ ಭಾರತೀಯ ಸಸ್ಯಗಳ ಸಾಮೂಹಿಕ ಶೋಧದ ಫಲಿತಾಂಶ ಪ್ರಕಟಿಸತೊಡಗಿತು. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ತಂಡ ನೆಲನೆಲ್ಲಿ ಸೇವಿಸಿದ ಹೆಪಟೈಟಿಸ್-ಬಿ ವಾಹಕರ ಪೈಕಿ 59% ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮರೆಯಾಯಿತೆಂದಾಗ ಜಗತ್ತೇ ತಿರುಗಿ ನೋಡಿತು. ಆದರೆ ಬೇರೆಡೆಯ ಪರೀಕ್ಷೆಗಳು ಅದನ್ನು ದೃಢಪಡಿಸಲಿಲ್ಲ. ತಟ್ಟೆಯ ಬಯಲಿಗೂ ರೋಗಿಯ ಗುಣಕ್ಕೂ ನಡುವಿನ ದಾರಿ ಉದ್ದವಿದೆ. ಇಂದು ಕಾಲೇಜುಗಳಿಂದ ಹೊರಬರುವ ನೂರಾರು ಲೇಖನಗಳು ಬಯಲಿನ ಅಗಲ ಅಳೆಯುವಲ್ಲಿಗೇ ನಿಲ್ಲುತ್ತವೆ. ಎಷ್ಟು ಪ್ರಮಾಣ ಸಾಕು, ಮನುಷ್ಯನ ಕೋಶಕ್ಕೆ ವಿಷವೇ ಎಂದು ಕೇಳುವವರು ಕಡಿಮೆ.

ಇಂಥ ಶೋಧಕ್ಕೆ ಒದಗುವ ಗಿಡಗಳು ಚಿತ್ರದುರ್ಗ ಜಿಲ್ಲೆಯಲ್ಲೂ ಇವೆ. ಅಲ್ಲಿನ ಜೋಗಿಮಟ್ಟಿ ಕಾಡು ಔಷಧ ಸಸ್ಯಗಳಿಗೆ ಹೆಸರಾದದ್ದು. ಅದೇ ಜಿಲ್ಲೆಯ ಹಿರಿಯೂರಿನ ಬಯಲಲ್ಲಿ ತಂಗಡಿ, ಲಕ್ಕಿ, ಉತ್ತರಾಣಿ ಬೇಲಿಬದಿಯ ಗಿಡಗಳು. ಹಿರಿಯೂರು ಬಳಿಯ ಬಬ್ಬೂರು ಫಾರಂ ಈಗ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ವಲಯ ಸಂಶೋಧನಾ ಕೇಂದ್ರ. ಇಂಥ ಕೃಷಿ ಕೇಂದ್ರಗಳಲ್ಲಿ ಪ್ರಶ್ನೆ ಮನುಷ್ಯನ ರೋಗದ್ದಲ್ಲ, ಬೆಳೆಯ ರೋಗದ್ದು. ಶೇಂಗಾದ ಕುಡಿ ಒಣಗಿಸುವ ವೈರಸ್ಸನ್ನು ಥ್ರಿಪ್ಸ್ ನುಸಿ ಹರಡುತ್ತದೆ. ಟೊಮ್ಯಾಟೊ ಎಲೆ ಮುದುಡಿಸುವ ವೈರಸ್ಸನ್ನು ಹರಡುವುದು ಬಿಳಿನೊಣ. ಇಂಥ ಬೆಳೆರೋಗಗಳಿಗೂ ಸಾರದ ಶೋಧ ನಡೆದಿದೆ: ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದಲ್ಲಿ ಜೋಳದ ಎಲೆ, ತೆಂಗಿನ ಗರಿಗಳ ಸಾರದಲ್ಲಿ ಸಸ್ಯವೈರಸ್ ತಡೆಯುವ ಅಂಶ ಕಂಡುಬಂತು. ಎರಡೂ ಹಿರಿಯೂರು ಸೀಮೆಯ ರೈತನ ಕೈಗೆಟುಕುವ ವಸ್ತುಗಳೇ. ಹೊಲದಲ್ಲಿ ಹೆಚ್ಚು ಬಳಕೆಯಾಗುವುದು ಮಾತ್ರ 5% ಬೇವಿನ ಬೀಜದ ಕಷಾಯ. ಅದು ಮುಖ್ಯವಾಗಿ ವೈರಸ್ ಹೊತ್ತು ತರುವ ಕೀಟವನ್ನು ಹತೋಟಿಯಲ್ಲಿಡುತ್ತದೆ. ಗಿಡದೊಳಗೆ ಒಮ್ಮೆ ಸೇರಿದ ವೈರಸ್ಸನ್ನು ಕೊಲ್ಲುವುದಿಲ್ಲ.